ಕುಂಟುತ್ತಿದೆ ಎಂದವನು

ಕ್ಯಾಪ್ಟನ್ ಲಬೋರಿಯವರ ಕಣ್ಣಿಗೆ ವಿಮಾನವೂ ಒಂದು ಕುದುರೆಯೇ. ಮೀಸೆ ಮೂಡುವ ಮೊದಲೇ ಅಶ್ವದಳ ಸೇರಿದ ಮನುಷ್ಯ. ಮೊದಲ ಮಹಾಯುದ್ಧ ಶುರುವಾಗಿ ವರ್ಷ ತುಂಬುವುದರೊಳಗೆ ಮುಳ್ಳುತಂತಿ, ಕಂದಕಗಳ ನಡುವೆ ಕುದುರೆಗೆ ಕೆಲಸವೇ ಇಲ್ಲದಂತಾಯಿತು. ಆಗ ಸೈನ್ಯ ಅವರನ್ನು ತಂದು, ಪಿಕಾರ್ಡಿ ಸೀಮೆಯ ಬೀಟ್ ಗೆಡ್ಡೆ ಹೊಲಗಳ ನಡುವೆ ಬೀಡುಬಿಟ್ಟಿದ್ದ ವಿಮಾನ ತುಕಡಿಯೊಂದಕ್ಕೆ ಯಜಮಾನನನ್ನಾಗಿ ಮಾಡಿತು. ವಿಮಾನ ಹಾರಿಸಲು ಅವರಿಗೆ ಬಾರದು, ಕಲಿಯುವ ಆಸೆಯೂ ಇರಲಿಲ್ಲ.

ಆ ಕಾಲದ ಸೈನ್ಯದ ವಿಮಾನದಳವೇ ಹಾಗೆ. ಸ್ವಂತದ್ದು ಅನ್ನುವುದು ಅದಕ್ಕೆ ಏನೂ ಇರಲಿಲ್ಲ. ಪೈಲಟ್ಟುಗಳಲ್ಲಿ ಕೆಲವರು ಅಶ್ವದಳದವರು, ಕೆಲವರು ಕಾಲಾಳುಗಳು. ಮುಂದೆ ಕೂತು ಕೆಳಗಿನದನ್ನು ನೋಡುವ ವೀಕ್ಷಕರೆಲ್ಲ ಫಿರಂಗಿದಳದ ಅಧಿಕಾರಿಗಳು. ಪ್ರತಿಯೊಬ್ಬನೂ ತನ್ನ ಹಳೆಯ ದಳದ ಸಮವಸ್ತ್ರವನ್ನೇ ತೊಟ್ಟು ಬರುತ್ತಿದ್ದ. ಎಲ್ಲರೂ ಸಾಲಾಗಿ ನಿಂತರೆ ಮದುವೆಗೆ ಬಂದ ನಾನಾ ಊರಿನ ನೆಂಟರ ಹಾಗೆ ಕಾಣುತ್ತಿದ್ದರು. ನಿಯಮಗಳೂ ಅಷ್ಟೇ, ಒಬ್ಬೊಬ್ಬ ಕ್ಯಾಪ್ಟನ್ ತಾನು ಬಂದ ಮನೆಯಿಂದ ಹೊತ್ತು ತಂದದ್ದು. ಲಬೋರಿಯವರು ತಂದದ್ದು ಲಾಯದ ನಿಯಮ.

ಲಾಯದಲ್ಲಿ ಲಾಳ ಹೊಡೆಯುವವನು ಕುದುರೆಯ ಕಾಲೆತ್ತಿ ನೋಡಿ "ಕುಂಟುತ್ತಿದೆ" ಎಂದುಬಿಟ್ಟರೆ ಮುಗಿಯಿತು. ಸೇನಾಪತಿಯೇ ಬಂದರೂ ಆ ದಿನ ಆ ಕುದುರೆಯ ಬೆನ್ನು ಹತ್ತುವಂತಿಲ್ಲ. ಇಲ್ಲಿ ಲಾಳ ಹೊಡೆಯುವವನೆಂದರೆ ಮೆಕ್ಯಾನಿಕ್. ಬೆಳಿಗ್ಗೆ ನಾಲ್ವರು ವಿಮಾನದ ಬಾಲ ಹಿಡಿದು ನಿಲ್ಲುತ್ತಾರೆ, ಪೈಲಟ್ ಎಂಜಿನ್ ಜೋರು ಮಾಡುತ್ತಾನೆ, ಮೆಕ್ಯಾನಿಕ್ ರೆಕ್ಕೆಯ ಪಕ್ಕ ನಿಂತು ಕಿವಿಗೊಡುತ್ತಾನೆ. ಆಮೇಲೆ ಕ್ಯಾಪ್ಟನ್ ಕೇಳುವುದು ಒಂದೇ ಮಾತು: "ಹೇಗಿದೆ?" ಚೆನ್ನಾಗಿದೆ ಎಂದರೆ ಹಾರಬೇಕು. ಕುಂಟುತ್ತಿದೆ ಎಂದರೆ ಇಳಿಯಬೇಕು. ಆ ಹೊತ್ತಿನಲ್ಲಿ ಯಾಕೆ ಏನು ಎಂದು ಯಾರೂ ಕೇಳುವಂತಿಲ್ಲ.

ತುಕಡಿಯಲ್ಲೆಲ್ಲ ಹೆಸರಾದ ಕಿವಿ ಒನೆಸೀಮ್‌ನದು. ಅಮಿಯೆನ್ ಪಟ್ಟಣದಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದವನು, ನಲವತ್ತರ ಹತ್ತಿರದವನು, ಮಾತು ಕಮ್ಮಿ. ಅವನು ಅದುವರೆಗೆ ಸುಳ್ಳು ಹೇಳಿದ್ದನ್ನು ಕಂಡವರಿಲ್ಲ. ಅವನ ಪಾಲಿನ ವಿಮಾನವನ್ನು ಹಾರಿಸುತ್ತಿದ್ದವನು ಸಾರ್ಜೆಂಟ್ ಅನತೋಲ್, ಒನೆಸೀಮ್‌ನ ತಂಗಿ ಸೆಲೆಸ್ಟೀನಳ ಗಂಡ. ಸೈನ್ಯ ಸೇರುವ ದಿನ ರೈಲು ನಿಲ್ದಾಣದಲ್ಲಿ ತಂಗಿ ಅಣ್ಣನ ಕೋಟು ಹಿಡಿದುಕೊಂಡು ಹೇಳಿದ್ದಳು: "ಅಣ್ಣಾ, ಇವರನ್ನ ನಿನ್ನ ಕೈಯಲ್ಲಿ ಇಡ್ತಾ ಇದ್ದೀನಿ. ಹಂಗೇ ವಾಪಸ್ ಕೊಡಬೇಕು." ಒನೆಸೀಮ್ ತಲೆಯಾಡಿಸಿದ್ದ. ತಲೆಯಾಡಿಸುವುದು ಸುಲಭ.

ಅಕ್ಟೋಬರಿನ ಆ ಬೆಳಿಗ್ಗೆ ಹೊಲದ ಮೇಲೆ ಮಂಜು ಇನ್ನೂ ಬಿಟ್ಟಿರಲಿಲ್ಲ. ಅಪ್ಪಣೆ ಬಂದಿತ್ತು: ಶತ್ರು ಫಿರಂಗಿಗಳು ಅಡಗಿರುವ ಕಾಡಿನ ಮೇಲೆ ಸುತ್ತಬೇಕು, ನಮ್ಮ ಗುಂಡು ಎಲ್ಲಿ ಬೀಳುತ್ತಿದೆ ಎಂದು ತಂತಿಯಿಲ್ಲದ ತಾರ್ ಯಂತ್ರದಿಂದ ಸಂಕೇತ ಕುಟ್ಟಿ ತಿಳಿಸಬೇಕು. ಗಾಣದೆತ್ತಿನಂತೆ ಒಂದೇ ಜಾಗದಲ್ಲಿ ಸುತ್ತುವ ಕೆಲಸ, ಕೆಳಗಿನವರಿಗೆ ಗುರಿಯಿಡಲು ಅದಕ್ಕಿಂತ ಅನುಕೂಲ ಬೇಕಿಲ್ಲ. ಪಕ್ಕದ ತುಕಡಿಯಿಂದ ಆ ಕಾಡಿಗೆ ಹೋದ ವಿಮಾನಗಳು ಆ ವಾರ ಮರಳಿರಲಿಲ್ಲ. ಸರದಿ ಅನತೋಲ್‌ನದು.

ಅವನೋ ಹಲ್ಲುಕಿರಿದುಕೊಂಡೇ ಬಂದ. ಮಾರನೆಯ ದಿನದಿಂದ ಅವನಿಗೆ ರಜೆ. ಸೆಲೆಸ್ಟೀನಳಿಗೆ ದಿನ ತುಂಬಿತ್ತು.

"ಭಾವಾ, ಇವತ್ತೊಂದು ದಿನ ನಿಮ್ಮ ಕುದುರೆ ಕೊಡಿ ಸಾಕು. ನಾಳೆ ಈ ಹೊತ್ತಿಗೆ ನಾನು ರೈಲಲ್ಲಿರ್ತೀನಿ. ಗಂಡಾದ್ರೆ ನಿಮ್ಮ ಹೆಸರೇ ಇಡೋದು ಅಂತ ಅವಳು ಹಟ ಹಿಡಿದಿದ್ದಾಳೆ. ಆ ಮೂಗು ಮಾತ್ರ ಬೇಡ ಅಂತ ನಾನು."

"ಬಾಯಿ ಮುಚ್ಕೊಂಡು ಹತ್ತು," ಎಂದ ಒನೆಸೀಮ್.

ನಾಲ್ವರು ಬಾಲ ಹಿಡಿದರು. ಎಂಜಿನ್ನು ತಿರುಗಿತು. ಪಂಖದ ಜೊತೆ ತಾನೂ ಇಡಿಯಾಗಿ ಗರಗರ ಸುತ್ತುವ ಎಂಜಿನ್ನು ಅದು. ಸುತ್ತುತ್ತ ಮುಖಕ್ಕೆಲ್ಲ ಹರಳೆಣ್ಣೆ ಸಿಡಿಸುತ್ತದೆ. ಒನೆಸೀಮ್ ಕಿವಿಗೊಟ್ಟ. ಸದ್ದು ಎಷ್ಟು ಸರಿಯಾಗಿತ್ತೆಂದರೆ ಅದನ್ನು ಕೇಳುತ್ತ ಹಾಗೇ ನಿಂತಿರಬಹುದಿತ್ತು. ಅವನು ಅದಕ್ಕಾಗಿ ಪಟ್ಟ ಪಾಡೆಲ್ಲ ಆ ಸದ್ದಿನಲ್ಲಿತ್ತು.

"ಹೇಗಿದೆ?" ಎಂದು ಕ್ಯಾಪ್ಟನ್ ಕೂಗಿದರು.

ಅನತೋಲ್ ಅವನತ್ತ ನೋಡಿ ಕಣ್ಣು ಮಿಟುಕಿಸಿದ. ಆ ಕಣ್ಣು ಮಿಟುಕಿಸಿದ್ದೇ ಮುಳುವಾಯಿತೇನೋ.

"ಕುಂಟುತ್ತಿದೆ, ಸಾಹೇಬ್ರೆ."

ಹೇಳಿದ ಮೇಲೆ ಅವನಿಗೇ ಆಶ್ಚರ್ಯ. ಬೇರೆ ಯಾರದೋ ಬಾಯಿಂದ ಬಂದಂತಿತ್ತು ಮಾತು. ಮಂಜು ಬಿಡುತ್ತಿಲ್ಲ, ಇವತ್ತಿನ ಕೆಲಸವೇ ನಿಂತುಹೋಗುತ್ತದೆ, ಯಾರಿಗೂ ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಫಿರಂಗಿದಳದವರು ಫೋನಿನಲ್ಲಿ ಬಾಯಿ ಮಾಡುತ್ತಿದ್ದರು. ಕ್ಯಾಪ್ಟನ್ ತಿರುಗಿಯೂ ನೋಡದೆ, "ಇನ್ನೊಂದು ಕುದುರೆ ಹೊರಡಲಿ!" ಎಂದರು.

ಇನ್ನೊಂದು ಕುದುರೆ ಬತಿಸ್ತ್‌ನದು. ಬತಿಸ್ತ್ ದಕ್ಷಿಣದ ಕಡೆಯ ಸಾರ್ಜೆಂಟ್, ಎದ್ದರೆ ಕೂತರೆ ತಮಾಷೆ. ಗಡಿಬಿಡಿಯಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಓಡಿಬಂದು, "ಅನತೋಲಾ, ನಿನ್ನ ಭಾವ ನಿನ್ನನ್ನ ಹರಳೆಣ್ಣೆಯಿಂದ ಕಾಪಾಡಿದ ಕಣೋ! ಆ ಹೊಗೆ ಕುಡಿದು ಕುಡಿದು ನನ್ನ ಹೊಟ್ಟೆಯಂತೂ ಶತ್ರು ಪಕ್ಷ ಸೇರಿಬಿಟ್ಟಿದೆ," ಎಂದ. ವೀಕ್ಷಕ ಲೆಫ್ಟಿನೆಂಟ್ ಮೊರೆಲ್ ಮುಂದಿನ ಆಸನ ಹತ್ತಿ ನಕಾಶೆ ಬಿಡಿಸಿಕೊಂಡರು. ಅವರು ಬಂದು ಇನ್ನೂ ವಾರವಾಗಿರಲಿಲ್ಲ.

ಬತಿಸ್ತ್‌ನ ಮೆಕ್ಯಾನಿಕ್ ಎರ್ವೆ, ಪಶ್ಚಿಮದ ಬ್ರಿಟನಿ ಪ್ರಾಂತದ ಕಡಲತೀರದವನು, ಮೀನುಗಾರರ ದೋಣಿಗಳ ಎಂಜಿನ್ ನೋಡಿಕೊಂಡಿದ್ದವನು. ಅವನು ಸದ್ದು ಕೇಳಿದ, ಹುಬ್ಬು ಗಂಟಿಕ್ಕಿದ, ಇನ್ನೊಮ್ಮೆ ಕೇಳಿದ. ಆಮೇಲೆ ಒನೆಸೀಮ್‌ನ ತೋಳು ಹಿಡಿದು ಎಳೆದ.

"ಸ್ವಲ್ಪ ಕೇಳು ಮಾರಾಯ. ಎಲ್ಲೋ ಒಂದು ಕಡೆ ತಪ್ಪುತ್ತದೆ. ನನಗೆ ಧೈರ್ಯ ಬರುವುದಿಲ್ಲ."

ಒನೆಸೀಮ್ ಕಿವಿಗೊಟ್ಟ. ತಪ್ಪುತ್ತಿತ್ತು. ಸುತ್ತಿಗೊಂದು ಸಲ, ಎಲ್ಲೋ ಒಂದು ವಾಲ್ವು ತಡವಾಗಿ ಮುಚ್ಚುತ್ತಿತ್ತು. ಎರ್ವೆಗೆ ಅನುಮಾನವಾಗಿದ್ದು ಅವನಿಗೆ ಖಚಿತವಾಗಿ ಕೇಳಿಸಿತು. ಆದರೆ ಇದೂ ಕುಂಟುತ್ತಿದೆ ಎಂದರೆ? ಒಂದೇ ಬೆಳಿಗ್ಗೆ ಎರಡು ಕುದುರೆ ಕುಂಟಿದರೆ ಕ್ಯಾಪ್ಟನ್ ತಾವೇ ಬಂದು ನಿಲ್ಲುತ್ತಾರೆ, ಮೊದಲಿನದನ್ನು ಇನ್ನೊಮ್ಮೆ ತಿರುಗಿಸಿ ಎನ್ನುತ್ತಾರೆ. ಅದು ಹಾಡಿದ ಹಾಗೆ ತಿರುಗುತ್ತದೆ. ಅನತೋಲ್ ಮತ್ತೆ ಹತ್ತುತ್ತಾನೆ.

"ಎಣ್ಣೆ ಚಳಿಗೆ ಗಟ್ಟಿಯಾಗಿದೆ ಅಷ್ಟೇ," ಎಂದ ಒನೆಸೀಮ್. "ಕಾದ ಮೇಲೆ ಸರಿಹೋಗುತ್ತೆ."

"ನೀನು ಹೇಳಿದ ಮೇಲೆ ಸೈ," ಎಂದ ಎರ್ವೆ. ಕ್ಯಾಪ್ಟನ್ ಕಡೆ ತಿರುಗಿ, "ಚೆನ್ನಾಗಿದೆ ಸಾಹೇಬ್ರೆ!" ಎಂದು ಕೂಗಿದ.

ಮೊದಲ ಸುಳ್ಳು ಪ್ರೀತಿಗೆ ಹೇಳಿದ್ದು, ಅದನ್ನಾದರೂ ದೇವರು ಕ್ಷಮಿಸಬಹುದು. ಎರಡನೆಯದು ಮೊದಲನೆಯದನ್ನು ಮುಚ್ಚಿಡಲು ಹೇಳಿದ್ದು. ಕೊಂದದ್ದು ಎರಡನೆಯದು.

ಕಂದಕದಿಂದ ಫೋನು ಬಂದಾಗ ಅಡುಗೆಯವನು ಇನ್ನೂ ಸೂಪಿಗೆ ಎಲೆಕೋಸು ಹೆಚ್ಚುತ್ತಿದ್ದ. ವಿಮಾನ ಕಾಡಿನ ಮೇಲಿದ್ದಾಗಲೇ ಪಂಖ ನಿಂತಿತಂತೆ. ಬತಿಸ್ತ್ ಅದನ್ನು ತೇಲಿಸಿಕೊಂಡು ನಮ್ಮ ಕಡೆಗೆ ತಂದನಂತೆ, ತೀರ ಕೆಳಗೆ, ನಿಧಾನವಾಗಿ. ಶತ್ರುವಿನ ಮಷಿನ್‌ಗನ್ನುಗಳಿಗೆ ಅಷ್ಟು ಸಾಕಾಯಿತು. ಇಬ್ಬರೂ ಸತ್ತಿದ್ದರು.

ಮಧ್ಯಾಹ್ನ ಗಾಡಿಯಲ್ಲಿ ಹೆಣಗಳು ಬಂದವು. ಹುಲ್ಲಿನ ಕೊಟ್ಟಿಗೆಯಲ್ಲಿ ಮಲಗಿಸಿದರು. ಬತಿಸ್ತ್‌ನ ಕೋಟಿನ ಗುಂಡಿಗಳು ಒಂದು ತೂತು ತಪ್ಪಿ ಓರೆಯಾಗಿ ಕೂತಿದ್ದವು. ಬೆಳಗಿನ ಗಡಿಬಿಡಿಯಲ್ಲಿ ಹಾಕಿಕೊಂಡದ್ದು ಹಾಗೇ ಇತ್ತು. ಒನೆಸೀಮ್‌ಗೆ ಅದನ್ನು ನೋಡಲಾಗಲಿಲ್ಲ. ಹೊರಗೆ ಬಂದು ಗೋಡೆಗೆ ಹಣೆಯಿಟ್ಟು ನಿಂತ. ನಾನು, ನಾನು, ನಾನು ಎಂದು ಒಂದೇ ಮಾತು ಒಳಗೆ ಸುತ್ತುತ್ತಿತ್ತು.

ಕ್ಯಾಪ್ಟನ್ ಎಲ್ಲರನ್ನೂ ಸಾಲು ನಿಲ್ಲಿಸಿದರು.

"ಇವತ್ತು ಈ ಲಾಯದಲ್ಲಿ ಇಬ್ಬರು ಕುದುರೆ ನೋಡಿದರು," ಎಂದರು. "ಒಬ್ಬ ಕುಂಟು ಕಂಡ, ಕುಂಟು ಅಂದ, ಒಂದು ಜೀವ ಉಳಿಸಿದ. ಇನ್ನೊಬ್ಬ ಕುಂಟು ಕುದುರೆಯನ್ನ ಚೆನ್ನಾಗಿದೆ ಅಂತ ಕಳಿಸಿದ. ಎರ್ವೆ, ನಾಳೆ ಬೆಳಿಗ್ಗೆ ಗಾಡಿ ಬರುತ್ತೆ. ನೀನು ಕಾಲಾಳು ಪಡೆಗೆ. ಕಂದಕದಲ್ಲಿ ಕೂತು ಮೇಲೆ ನೋಡು, ಹಾರುವವರು ಯಾರನ್ನ ನಂಬಿ ಹಾರ್ತಾರೆ ಅಂತ ಗೊತ್ತಾಗುತ್ತೆ."

ಎಲ್ಲರ ಕಣ್ಣೂ ಎರ್ವೆಯ ಮೇಲೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಆ ಹೊತ್ತು ಹೆಗಲು ಮುಟ್ಟಿಕೊಂಡವನನ್ನು ಯಾರೂ ನೋಡಲಿಲ್ಲ. ಎರ್ವೆ ಒಂದೇ ಒಂದು ಸಲ ಒನೆಸೀಮ್‌ನತ್ತ ತಿರುಗಿದ. ಈಗ ಹೇಳುತ್ತಾನೆ ಎಂದು ಒನೆಸೀಮ್ ಕಾದ. ಹೇಳಲಿ ಎಂದು ಬೇಡಿಕೊಂಡ ಕೂಡ. ಎರ್ವೆ ತಲೆ ತಗ್ಗಿಸಿ, "ಆಗಲಿ ಸಾಹೇಬ್ರೆ," ಎಂದ.

ಸುಳ್ಳಿಗೆ ಕೂಲಿಯಿಲ್ಲದ ಚಾಕರಿ ಬಹಳ. ಕುಂಟುತ್ತಿದೆ ಎಂದ ಮೇಲೆ ಕುಂಟಿಗೆ ಕಾರಣ ತೋರಿಸಬೇಕಲ್ಲ! ಊಟವಾದ ಮೇಲೆ ಒನೆಸೀಮ್ ಎಂಜಿನ್ ಬಿಚ್ಚಲು ಕೂತ. ತಾನೇ ಉಜ್ಜಿ, ತಾನೇ ಕೂರಿಸಿದ ಒಂದೊಂದು ಭಾಗವನ್ನೂ ಕಳಚಿ ಚೀಲದ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಒಂದರಲ್ಲೂ ಒಂದು ಗೆರೆ ಇರಲಿಲ್ಲ. ಅತ್ತಿತ್ತ ನೋಡಿ, ಒಳ್ಳೆಯ ಸ್ಪಾರ್ಕ್ ಪ್ಲಗ್ಗೊಂದನ್ನು ತೆಗೆದುಕೊಂಡು ಅದರ ಬಿಳಿ ಪಿಂಗಾಣಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಅದು ಟಕ್ಕೆಂದು ಸೀಳಿತು. ಅವನ ಬದುಕಿನಲ್ಲಿ ಬೇಕೆಂದೇ ಕೆಡಿಸಿದ ಮೊದಲ ವಸ್ತು ಅದು.

ಅನತೋಲ್ ಬಂದು ಅವನ ಪಕ್ಕ ನೆಲಕ್ಕೇ ಕೂತ. ಮುಖ ಇಳಿದುಹೋಗಿತ್ತು.

"ಭಾವಾ, ಆ ಸರದಿ ನಂದು," ಎಂದ. "ಅವನು ನನ್ನ ಬದಲಿಗೆ ಹೋದ. ನಾನು ರಜೆ ಬೇಡ ಅಂದುಬಿಟ್ಟೆ ಕ್ಯಾಪ್ಟನ್‌ಗೆ. ನಾಳೆ ಆ ಕಾಡಿಗೆ ನಾನೇ ಹೋಗ್ತೀನಿ."

ಒನೆಸೀಮ್ ಸುತ್ತಿಗೆ ಕೆಳಗಿಟ್ಟ. "ಹುಚ್ಚಾ ನಿನಗೆ? ಅಲ್ಲಿ ಸೆಲೆಸ್ಟೀನ್…"

"ಅವಳ ಮುಖ ನೋಡೋದು ಹೇಗೆ? ಇನ್ನೊಬ್ಬ ಸತ್ತಿದ್ದಕ್ಕೆ ನಾನು ಬದುಕಿ ಬಂದೆ, ಮಗು ಕೊಡು ಎತ್ಕೋತೀನಿ ಅನ್ನಲಾ?" ಸೀಳಿದ ಪ್ಲಗ್ಗನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. "ಇಷ್ಟು ಚಿಕ್ಕ ಬಿರುಕು. ಇದು ನಿಮ್ಮ ಕಿವಿಗೆ ಕೇಳಿಸಿತಲ್ಲ, ಭಾವಾ. ನನ್ನ ಅದೃಷ್ಟ."

ಅದನ್ನು ಕೇಳಿದಾಗ ಒನೆಸೀಮ್‌ಗೆ ನೆಲ ಬಿರಿಯಬಾರದೇ ಅನ್ನಿಸಿತು. ಯಾರನ್ನು ಉಳಿಸಲು ಇಷ್ಟೆಲ್ಲ ಮಾಡಿದನೋ ಅವನೇ ಈಗ ಆ ಕಾಡಿಗೆ ತಾನಾಗಿ ಹೋಗಲು ನಿಂತಿದ್ದ.

ಎದ್ದು ಎರ್ವೆಯ ಗುಡಾರಕ್ಕೆ ಹೋದ. ಎರ್ವೆ ಚೀಲಕ್ಕೆ ಉಣ್ಣೆಯ ಕಾಲುಚೀಲ ತುಂಬುತ್ತಿದ್ದ. ಅವನ ಹೆಂಡತಿ ಹೆಣೆದದ್ದು; ಬಂದರಿನಲ್ಲಿ ಮೀನು ಮಾರಿ ಮೂರು ಮಕ್ಕಳನ್ನು ಸಾಕುತ್ತಿದ್ದಳು ಆಕೆ.

"ನನ್ನ ಹೆಸರು ಯಾಕೆ ಹೇಳಲಿಲ್ಲ?" ಎಂದ ಒನೆಸೀಮ್.

"ಹೇಳಿ ಏನಾಗಬೇಕು? ನಾನು ಕೇಳಿದೆ, ನೀನು ನಿನಗೆ ಕೇಳಿಸಿದ್ದನ್ನು ಹೇಳಿದೆ. ಕಿವಿ ಒಂದು ದಿನ ತಪ್ಪುವುದುಂಟು ಮಾರಾಯ. ಕಡಲಿನಲ್ಲಿ ನಾವು ಹೀಗೆ ತಪ್ಪಿದ್ದಕ್ಕೆ ಎಷ್ಟು ಜನ ಹೋಗಿಲ್ಲ?" ಚೀಲದ ಬಾಯಿ ಬಿಗಿದ. "ಸಾಹೇಬರ ಮುಂದೆ ಚೆನ್ನಾಗಿದೆ ಎಂದದ್ದು ನನ್ನ ಬಾಯಿ. ಮತ್ತೆ, ಇಬ್ಬರೂ ಹೋದರೆ ಇಲ್ಲಿ ಎಂಜಿನ್ ಕೇಳುವವರು ಯಾರು? ನೀನು ಇರಬೇಕು."

ಬೈದಿದ್ದರೆ, ಮುಖಕ್ಕೆ ಉಗಿದಿದ್ದರೆ ಆಗುತ್ತಿತ್ತು. ಈ ಒಳ್ಳೆಯತನ ಗಾಯದ ಮೇಲೆ ಎಳೆದ ಬರೆ. ಒನೆಸೀಮ್ ಅಲ್ಲಿಂದ ನೆಟ್ಟಗೆ ಕ್ಯಾಪ್ಟನ್ ಬಳಿಗೆ ನಡೆದ.

ರೈತನೊಬ್ಬನ ಅಡುಗೆಮನೆಯೇ ಅವರ ಕಚೇರಿ. ಒಲೆಯ ಮುಂದೆ ಕಾಲು ಚಾಚಿ ಕೂತಿದ್ದರು. ಒನೆಸೀಮ್ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ತನ್ನದು ಕುಂಟುತ್ತಿರಲಿಲ್ಲ. ಎರ್ವೆಯದು ಕುಂಟುತ್ತಿತ್ತು, ಅವನು ಕೇಳಿದ, ತಾನು ಮುಚ್ಚಿಟ್ಟೆ. ಕ್ಯಾಪ್ಟನ್ ಚಾಚಿದ ಕಾಲು ಎಳೆದುಕೊಂಡರು. ಅವರ ಮುಖದಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು.

"ಇದನ್ನ ಬೇರೆ ಯಾರಿಗಾದರೂ ಹೇಳಿದ್ದೀಯಾ?"

"ಇಲ್ಲ."

"ಹೇಳಬೇಡ. ನನ್ನ ಹುಡುಗರು ಹತ್ತೋದು ಎಂಜಿನ್ ನಂಬಿ ಅಲ್ಲ, ಬಟ್ಟೆ ಕಡ್ಡಿಯ ರೆಕ್ಕೆ ನಂಬಿಯೂ ಅಲ್ಲ. ನಿನ್ನ ಮಾತು ನಂಬಿ. ಲಾಳ ಹೊಡೆಯೋನು ಸುಳ್ಳು ಹೇಳ್ತಾನೆ ಅಂತ ಒಂದು ಸಲ ಗೊತ್ತಾದರೆ ನಾಳೆ ಒಬ್ಬನೂ ಹತ್ತೋದಿಲ್ಲ. ಎರ್ವೆ ಹೋಗ್ತಾನೆ, ನೀನು ಇರ್ತೀಯ. ದಿನಾ ಬೆಳಿಗ್ಗೆ ನಾನು ಕೇಳ್ತೀನಿ, ನೀನು ಹೇಳ್ತೀಯ. ನಿನಗೆ ಅದೇ ಶಿಕ್ಷೆ. ಹೋಗು."

"ಎರ್ವೆಗೆ ಯಾಕೆ ಸಾಹೇಬ್ರೆ?"

"ಹೋಗು ಅಂದೆ!"

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಒಪ್ಪಿಕೊಂಡರೂ ಹೊರೆ ಇಳಿಯಲಿಲ್ಲ. ಕ್ಯಾಪ್ಟನ್ನರ ಮಾತಿನಲ್ಲಿ ನ್ಯಾಯವಿಲ್ಲದಿದ್ದರೂ ನಿಜವಿತ್ತು, ಅದು ಇನ್ನೂ ಕಷ್ಟ. ಬಾಯಿ ಮುಚ್ಚಿಕೊಂಡಿದ್ದರೆ ತುಕಡಿ ನಡೆಯುತ್ತದೆ, ಎರ್ವೆ ಸಾಯುತ್ತಾನೆ. ಬಾಯಿ ಬಿಟ್ಟರೆ ಅನತೋಲ್ ಇನ್ನೆಂದೂ ತನ್ನ ಮುಖ ನೋಡುವುದಿಲ್ಲ. ಸೆಲೆಸ್ಟೀನ್ ನೋಡುತ್ತಾಳೆಯೇ?

ಬೆಳಿಗ್ಗೆ ಆಕಾಶ ತೊಳೆದಂತಿತ್ತು. ಬಯಲಿನ ಅಂಚಿಗೆ ಹೇಸರಗತ್ತೆಯ ಗಾಡಿ ಬಂದು ನಿಂತಿತ್ತು, ಎರ್ವೆ ಅದರ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಅನತೋಲ್ ಯಾರ ಜೊತೆಯೂ ಮಾತಾಡದೆ ವಿಮಾನ ಹತ್ತಿದ. ಮತ್ತೆ ಜೋಡಿಸಿದ ಎಂಜಿನ್ನು ತಿರುಗಿತು. ಒನೆಸೀಮ್ ಕಿವಿಗೊಟ್ಟ, ಎಲ್ಲಿಯೂ ತಪ್ಪಿರಲಿಲ್ಲ.

"ಹೇಗಿದೆ?" ಎಂದರು ಕ್ಯಾಪ್ಟನ್.

ಒನೆಸೀಮ್ ಕೈಯೆತ್ತಿ ಎಂಜಿನ್ ನಿಲ್ಲಿಸುವಂತೆ ಸನ್ನೆ ಮಾಡಿದ. ಸದ್ದು ಅಡಗಿತು. ಬಾಲ ಹಿಡಿದವರು, ಸರದಿ ಕಾಯುತ್ತಿದ್ದ ಪೈಲಟ್ಟುಗಳು ಎಲ್ಲರೂ ತಿರುಗಿದರು.

"ನನ್ನನ್ನ ಕೇಳಬೇಡಿ ಸಾಹೇಬ್ರೆ," ಎಂದ. "ನಿನ್ನೆ ಇದು ಕುಂಟ್ತಾ ಇರಲಿಲ್ಲ. ನನ್ನ ತಂಗಿ ಗಂಡನ್ನ ಉಳಿಸ್ಕೊಳ್ಳೋಕೆ ಸುಳ್ಳು ಹೇಳಿದೆ. ಆ ಪ್ಲಗ್ಗು ಆಮೇಲೆ ನಾನೇ ಒಡೆದದ್ದು. ಬತಿಸ್ತ್‌ದು ಕುಂಟ್ತಾ ಇತ್ತು. ಎರ್ವೆಗೆ ಅನುಮಾನ ಬಂದು ನನ್ನನ್ನ ಕೇಳಿದ. ನಾನು ಎಣ್ಣೆ ಚಳಿ ಅಂತ ಹೇಳಿ ಕಳಿಸಿದೆ. ಅವರಿಬ್ಬರನ್ನ ಕೊಂದೋನು ನಾನು, ಎರ್ವೆ ಅಲ್ಲ."

ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡರು. ಅನತೋಲ್ ಕೆಳಗಿಳಿದು ಬಂದ. ಹೊಡೆಯುತ್ತಾನೆ ಎಂದುಕೊಂಡರು ಎಲ್ಲರೂ. ಅವನು ಹೊಡೆಯಲಿಲ್ಲ. ಒನೆಸೀಮ್‌ನ ಎದುರು ನಿಂತು, ಮೊದಲ ಸಲ ಕಂಡವನ ಹಾಗೆ ಅವನ ಮುಖ ನೋಡಿದ. ಆಮೇಲೆ ಗಾಡಿಯ ಕಡೆ ತಿರುಗಿ ಕೂಗಿದ:

"ಎರ್ವೆ! ಇಳಿದು ಬಾ. ನನ್ನ ಎಂಜಿನ್ ಕೇಳು. ನೀನು ಹೇಳಿದರೆ ಹೋಗ್ತೀನಿ, ಬೇಡ ಅಂದರೆ ಇಳೀತೀನಿ."

ಎರ್ವೆ ಕ್ಯಾಪ್ಟನ್ನರತ್ತ ನೋಡಿದ. ಅವರು ತಲೆಯಾಡಿಸಿದರು. ಬೇರೆ ಪೈಲಟ್ಟುಗಳು ಎರ್ವೆಗೆ ದಾರಿ ಬಿಟ್ಟು ನಿಂತರು. ಎಂಜಿನ್ನು ಮತ್ತೆ ತಿರುಗಿತು, ಎರ್ವೆ ರೆಕ್ಕೆಯ ಬಳಿ ತಲೆ ವಾಲಿಸಿ ಬಹಳ ಹೊತ್ತು ಕೇಳಿದ. ಈ ಸಲ ಅವನು ಯಾರ ತೋಳನ್ನೂ ಹಿಡಿಯಲಿಲ್ಲ. "ಚೆನ್ನಾಗಿದೆ," ಎಂದ.

ಕ್ಯಾಪ್ಟನ್ ಒನೆಸೀಮ್‌ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಕಾಲಾಳು ಪಡೆಯವರಿಗೆ ಒಬ್ಬ ಮೆಕ್ಯಾನಿಕ್‌ನ ಕಳಿಸ್ತೀನಿ ಅಂತ ಹೇಳಿಯಾಗಿದೆ. ಯಾರು ಅಂತ ಅವರು ಕೇಳೋದಿಲ್ಲ. ಹತ್ತು ಗಾಡಿ," ಎಂದರು. ಬೈಯಲಿಲ್ಲ. ಒನೆಸೀಮ್ ತನ್ನ ಚೀಲ ತರಲು ಹೊರಟ.

ಒನೆಸೀಮ್ ಗಾಡಿ ಹತ್ತುವ ಮೊದಲು ಅನತೋಲ್ ಅವನನ್ನು ತಡೆದ. ಭಾವ ಎನ್ನಲಿಲ್ಲ.

"ಒನೆಸೀಮ್, ಗಂಡು ಹುಟ್ಟಿದರೆ ಬತಿಸ್ತ್ ಅಂತ ಹೆಸರಿಡ್ತೀನಿ. ನೀನು ಬದುಕಿದ್ದರೆ ಮನೆಗೆ ಬಾ. ಬಂದು ಅವನನ್ನ ಹೆಸರು ಹಿಡಿದು ಕರಿ. ನಿನ್ನ ತಂಗಿಗೆ ಯಾಕೆ ಆ ಹೆಸರು ಅಂತ ನೀನೇ ಹೇಳಬೇಕು, ನಾನು ಹೇಳೋದಿಲ್ಲ."

ಅಷ್ಟು ಹೇಳಿ ಅನತೋಲ್ ಬೆನ್ನು ತಿರುಗಿಸಿ ನಡೆದ.

ಗಾಡಿ ಕೆಸರು ರಸ್ತೆಗೆ ಇಳಿಯುವ ಹೊತ್ತಿಗೆ ವಿಮಾನ ತಲೆಯ ಮೇಲೆ ಬಂತು. ಗಾಡಿ ಹೊಡೆಯುವವನು ಕತ್ತೆತ್ತಿ ನೋಡಿ, "ಇದು ಸರಿಯಾಗಿ ಹೋಗುತ್ತಾ ಅಣ್ಣ? ನೀವು ಈ ಕೆಲಸದವರು ತಾನೇ?" ಎಂದ.

ಎಂಜಿನ್ನು ಚೆನ್ನಾಗಿತ್ತು. ಒಂದು ಸುತ್ತೂ ತಪ್ಪುತ್ತಿರಲಿಲ್ಲ. ಒನೆಸೀಮ್ ಅದು ಕಾಡಿನ ಕಡೆಗೆ ತಿರುಗುವವರೆಗೂ ಕೇಳುತ್ತಲೇ ಇದ್ದ.

"ನನ್ನನ್ನ ಕೇಳಬೇಡಪ್ಪ," ಎಂದ.